ಮನೆ ಕೊಂಡ ದಿನವೇ ಬೀಗ ಬದಲಿಸಿ: ಸಿಲಿಂಡರ್‌ನಿಂದ ಅಲ್ಡ್ರಾಪ್‌ವರೆಗೆ

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬೆರಳಚ್ಚು, ಫೋಟೊ, ಸಹಿ ಎಲ್ಲ ಮುಗಿದ ಮೇಲೆ ಮಾರಿದವರು ಒಂದು ಕೀ ಗೊಂಚಲನ್ನು ಕೈಗಿಡುತ್ತಾರೆ. ಮುಂಬಾಗಿಲಿಗೆ ಮೂರು, ಹಿಂಬಾಗಿಲಿಗೆ ಎರಡು, ಗೇಟಿಗೆ ಒಂದು. ಎಣಿಸಿ ತೆಗೆದುಕೊಂಡ ಸಮಾಧಾನ ನಮ್ಮದು. ಆದರೆ ಆ ಎಣಿಕೆಯಿಂದ ಏನೂ ಗೊತ್ತಾಗುವುದಿಲ್ಲ. ಹಿಂದಿನ ಬಾಡಿಗೆದಾರರು ಮಾಡಿಸಿಕೊಂಡ ನಕಲಿ ಕೀ, ಮನೆಗೆಲಸದವರ ಬಳಿ ಉಳಿದದ್ದು, ಊರಿಗೆ ಹೋಗುವಾಗ ಪಕ್ಕದ ಮನೆಗೆ ಕೊಟ್ಟದ್ದು, ಮನೆ ತೋರಿಸಲೆಂದು ಬ್ರೋಕರ್ ಇಟ್ಟುಕೊಂಡದ್ದು, ಇವೆಲ್ಲ ಎಷ್ಟಿವೆ ಎಂಬುದು ಮಾರಿದವರಿಗೂ ನೆನಪಿರುವುದಿಲ್ಲ. ಅವರು ಪ್ರಾಮಾಣಿಕರೇ ಆಗಿದ್ದರೂ ಈ ಲೆಕ್ಕ ಅವರ ಕೈಯಲ್ಲಿಲ್ಲ.

ಸಮಾಧಾನದ ಸಂಗತಿಯೆಂದರೆ, ಈಗಿನ ಹೆಚ್ಚಿನ ಬಾಗಿಲುಗಳಲ್ಲಿ ಇಡೀ ಬೀಗ ಕೀಳಬೇಕಾಗಿಲ್ಲ. ಕೀ ತೂರಿಸುವ ಸಿಲಿಂಡರ್ ಒಂದನ್ನು ಬದಲಿಸಿದರೆ ಹಳೆಯ ಕೀಗಳೆಲ್ಲ ಒಟ್ಟಿಗೆ ನಿರುಪಯುಕ್ತವಾಗುತ್ತವೆ. ಒಂದು ಸ್ಕ್ರೂ ಡ್ರೈವರ್, ಒಂದು ಅಳತೆಪಟ್ಟಿ, ಇಪ್ಪತ್ತು ನಿಮಿಷ ಸಾಕು.

ಯಾವಾಗ ಬದಲಿಸಬೇಕು

ಕ್ರಯಪತ್ರ ನೋಂದಣಿಯಾಗಿ ಮನೆಯ ಸ್ವಾಧೀನ ನಿಮಗೆ ಬಂದ ದಿನ ಸಂಜೆಯೇ ಬದಲಿಸಿ. ಗೃಹಪ್ರವೇಶದ ಮುಹೂರ್ತದವರೆಗೆ ಕಾಯಬೇಡಿ. ಬರಿ ಅಗ್ರಿಮೆಂಟ್ ಆದ ಹಂತದಲ್ಲಿ ಬೀಗ ಮುಟ್ಟುವ ಹಕ್ಕು ನಿಮಗಿಲ್ಲ. ಮನೆಯಲ್ಲಿ ಬಾಡಿಗೆದಾರರು ಇನ್ನೂ ಇದ್ದರೆ ನೋಂದಣಿ ಆಗಿದ್ದರೂ ಅವರನ್ನು ಹೊರಗಿಟ್ಟು ಬೀಗ ಬದಲಿಸುವಂತಿಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ಹಾಗೆ ಹೊರಹಾಕಲ್ಪಟ್ಟವರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಬ್ಯಾಂಕ್ ಹರಾಜಿನಲ್ಲಿ ಕೊಂಡ ಮನೆಯಾದರೆ ಬಾಗಿಲಿನ ಸೀಲನ್ನು ಬ್ಯಾಂಕಿನ ಅಧಿಕಾರಿಯೇ ತೆಗೆದು, ಒಳಗಿನ ಸಾಮಾನು ಪಟ್ಟಿ ಮಾಡಿ, ಸ್ವಾಧೀನ ಪತ್ರ ಕೊಟ್ಟ ಮೇಲಷ್ಟೇ ನಿಮ್ಮ ಕೆಲಸ ಶುರು.

ಇಲ್ಲಿ ಹೆಚ್ಚಿನವರು ಎಡವುವ ಒಂದು ಅಂಶವಿದೆ. ಮನೆ ಕೊಂಡ ಕೂಡಲೇ ಪೇಂಟರ್, ಪ್ಲಂಬರ್, ಬಡಗಿ, ಅಡುಗೆಮನೆಯ ಕಪಾಟು ಮಾಡುವವರು ಒಬ್ಬೊಬ್ಬರಾಗಿ ಬರುತ್ತಾರೆ. ಮೊದಲ ದಿನವೇ ದುಬಾರಿ ಸಿಲಿಂಡರ್ ಹಾಕಿ ಅದರ ಕೀ ಅವರ ಕೈಗೆ ಕೊಟ್ಟರೆ ಹಣ ಹೋಯಿತು, ಭದ್ರತೆಯೂ ಹೋಯಿತು. ಮೊದಲ ದಿನ ಅದೇ ಅಳತೆಯ ಅಗ್ಗದ ಸಿಲಿಂಡರ್ ಹಾಕಿ. ಕೆಲಸಗಾರರೆಲ್ಲ ಹೊರಟ ದಿನ ಒಳ್ಳೆಯದನ್ನು ಕೂರಿಸಿ. ಕೆಲವು ಕಂಪನಿಗಳು ‘ಕನ್‌ಸ್ಟ್ರಕ್ಷನ್ ಕೀ’ ಇರುವ ಬೀಗ ಮಾರುತ್ತವೆ. ಕೆಲಸ ನಡೆಯುವಷ್ಟು ದಿನ ಆ ಒಂದು ಕೀ ತೆರೆಯುತ್ತದೆ. ಮಾಲೀಕರ ಕೀಯನ್ನು ಮೊದಲ ಸಲ ಹಾಕಿ ತಿರುಗಿಸಿದೊಡನೆ ಕನ್‌ಸ್ಟ್ರಕ್ಷನ್ ಕೀ ಶಾಶ್ವತವಾಗಿ ಕೆಲಸ ನಿಲ್ಲಿಸುತ್ತದೆ. ಇದನ್ನು ಕೊಂಡರೆ ಮಾಲೀಕರ ಕೀಗಳ ಪೊಟ್ಟಣವನ್ನು ಕೆಲಸ ಮುಗಿಯುವವರೆಗೆ ಒಡೆಯಬೇಡಿ, ‘ಸುಮ್ಮನೆ ಒಮ್ಮೆ ನೋಡೋಣ’ ಎಂದು ಹಾಕಿ ತಿರುಗಿಸಲೂ ಬೇಡಿ.

ನಿಮ್ಮ ಬಾಗಿಲಲ್ಲಿರುವುದು ಯಾವ ಬೀಗ?

ಅಂಗಡಿಗೆ ಹೋಗುವ ಮೊದಲು ಪ್ರತಿ ಬಾಗಿಲನ್ನೂ ತೆರೆದು ಅದರ ಅಂಚನ್ನು ನೋಡಿ. ಅಂಚಿನಲ್ಲಿ ಉದ್ದನೆಯ ಲೋಹದ ಪಟ್ಟಿ, ಕೀ ರಂಧ್ರದ ಎತ್ತರಕ್ಕೆ ಸರಿಯಾಗಿ ಆ ಪಟ್ಟಿಯಲ್ಲಿ ಒಂಟಿ ಸ್ಕ್ರೂ ಇದ್ದರೆ ಅದು ಯೂರೋ ಸಿಲಿಂಡರ್ ಇರುವ, ಬಾಗಿಲಿನ ಮರದೊಳಗೇ ಕೂರುವ ಮಾರ್ಟೈಸ್ ಬೀಗ. ಅಪಾರ್ಟ್‌ಮೆಂಟ್‌ಗಳಲ್ಲಿ ಇದೇ ಹೆಚ್ಚು. ಬಾಗಿಲಿನ ಒಳಮೈ ಮೇಲೆ ಡಬ್ಬಿಯಂತೆ ಕೂತು ಎರಡು ಮೂರು ದಪ್ಪ ಬೋಲ್ಟುಗಳನ್ನು ಹೊರಚಾಚಿದರೆ ಅದು ಟ್ರೈಬೋಲ್ಟ್ ಅಥವಾ ನೈಟ್ ಲ್ಯಾಚ್. ಉದ್ದ ಕಾಂಡ, ತುದಿಯಲ್ಲಿ ಚಪ್ಪಟೆ ಹಲ್ಲುಗಳಿರುವ ಕೀ ಆದರೆ ಲಿವರ್ ಬೀಗ. ಮಲಗುವ ಕೋಣೆಯ ದುಂಡು ಹಿಡಿಕೆಯ ನಡುವೆಯೇ ಕೀ ರಂಧ್ರವಿದ್ದರೆ ಸಿಲಿಂಡ್ರಿಕಲ್ ಬೀಗ. ಹಳೆಯ ಮನೆಗಳಲ್ಲಿ ಇವ್ಯಾವೂ ಇಲ್ಲದೆ ಅಲ್ಡ್ರಾಪ್ (ಹೊರಗಡೆ ಅಡ್ಡಕ್ಕೆ ಸರಿಯುವ ದೊಡ್ಡ ಚಿಲಕ) ಮತ್ತು ನೇತುಬೀಗ ಮಾತ್ರ ಇರಬಹುದು.

ಯೂರೋ ಸಿಲಿಂಡರ್: ಅಳತೆಯೇ ಮುಖ್ಯ

ಹಳೆಯದನ್ನು ಬಿಚ್ಚಿ ಅಂಗಡಿಗೇ ಒಯ್ಯುವುದು ಎಲ್ಲಕ್ಕಿಂತ ಒಳ್ಳೆಯದು. ಹಾಗೆ ಒಯ್ಯುವಾಗ ಬಾಗಿಲ ಬಳಿ ಒಬ್ಬರು ಇರಬೇಕು. ಅದು ಆಗದಿದ್ದರೆ ಅಳೆಯಿರಿ: ಅಂಚಿನ ಸ್ಕ್ರೂವಿನ ನಡುಬಿಂದುವಿನಿಂದ ಸಿಲಿಂಡರ್‌ನ ಹೊರತುದಿಗೆ ಎಷ್ಟು, ಒಳತುದಿಗೆ ಎಷ್ಟು. ಎರಡೂ 30 ಮಿ.ಮೀ. ಇದ್ದರೆ 60ರ ಸಿಲಿಂಡರ್. ಲೆಕ್ಕ ಹೀಗೆ: ಬಾಗಿಲು 35 ಮಿ.ಮೀ. ದಪ್ಪವಿದ್ದರೆ ಅರ್ಧ 17.5. ಅದಕ್ಕೆ ಹಿಡಿಕೆಯ ತಟ್ಟೆಯ ದಪ್ಪ ಸುಮಾರು 10 ಸೇರಿದರೆ 27.5. ಅದರ ಮೇಲಿನ ಅಳತೆ 30. ತೇಗದ ದಪ್ಪ ಬಾಗಿಲುಗಳಿಗೆ 70ರದು ಬೇಕಾಗುತ್ತದೆ. ಒಳಗೂ ಹೊರಗೂ ಸಮನಾಗಿರಲೇಬೇಕೆಂದಿಲ್ಲ, 30 ಮತ್ತು 40ರ ಜೋಡಿಯೂ ಉಂಟು. ಆಗ ಯಾವುದು ಹೊರಗಿನ ಬದಿ ಎಂದು ಬರೆದಿಟ್ಟುಕೊಳ್ಳಿ.

ಹೊರಗಡೆ ಸಿಲಿಂಡರ್ ತಟ್ಟೆಯಿಂದ 2–3 ಮಿ.ಮೀ.ಗಿಂತ ಹೆಚ್ಚು ಚಾಚಬಾರದು. ಸ್ಕ್ರೂ ಹಾಯುವ ಜಾಗವೇ ಈ ಸಿಲಿಂಡರ್‌ನ ಅತಿ ಸಣಕಲು ಭಾಗ. ಹೊರಗೆ ಹಿಡಿಯಲು ಸಿಗುವಷ್ಟು ಚಾಚಿಕೊಂಡಿದ್ದರೆ ಇಕ್ಕಳದಲ್ಲಿ ಕಚ್ಚಿ ಅಲ್ಲಿಗೇ ಮುರಿಯುತ್ತಾರೆ. ‘ದೊಡ್ಡದು ಇರಲಿ, ಹೊಂದುತ್ತದೆ’ ಎಂದು ಅಂಗಡಿಯವರು 60ರ ಬದಲು 70 ಕೊಟ್ಟರೆ ಬೇಡವೆನ್ನಿ.

ಕೊಳ್ಳುವಾಗ ತೂಕ ನೋಡಿ. ಹಿತ್ತಾಳೆಯದು ಕೈಗೆ ಭಾರ, ಸತುವಿನ ಮಿಶ್ರಲೋಹದ್ದು ಹಗುರ. ಒಳಗಿನ ಸಣ್ಣ ಕಡ್ಡಿಗಳಾದ ಪಿನ್ನುಗಳು ಐದಿರುವುದಕ್ಕಿಂತ ಆರಿರುವುದು ಮೇಲು. ಚಪ್ಪಟೆ ಮೈಮೇಲೆ ಗುಳಿಗಳಿರುವ ಡಿಂಪಲ್ ಕೀಯನ್ನು ಬೀದಿಬದಿಯಲ್ಲಿ ನಕಲು ಮಾಡುವುದು ಕಷ್ಟ. ಕೊರೆತ ತಡೆಯುವ ಗಟ್ಟಿ ಉಕ್ಕಿನ ಪಿನ್ ಇದೆಯೇ ಕೇಳಿ. ಕೀಗಳ ಪೊಟ್ಟಣ ಮುಚ್ಚಿದ ಸ್ಥಿತಿಯಲ್ಲೇ ಇರಬೇಕು.

ಎರಡೂ ಕಡೆ ಕೀ ಬೇಕೋ, ಒಳಗೆ ಬೆರಳಲ್ಲೇ ತಿರುಗಿಸುವ ಗುಬ್ಬಿ (ನಾಬ್) ಬೇಕೋ? ನಮ್ಮ ಸಲಹೆ ಗುಬ್ಬಿಯದು. ಬೆಂಕಿಯೋ ಶಾರ್ಟ್ ಸರ್ಕ್ಯೂಟೋ ಆದ ಕತ್ತಲಲ್ಲಿ ಮನೆಯ ಹಿರಿಯರು ಕೀ ಹುಡುಕುತ್ತ ನಿಲ್ಲಬಾರದು. ಬಾಗಿಲ ಪಕ್ಕದಲ್ಲೇ ಕೈ ತೂರಿಸಬಹುದಾದ ಕಿಟಕಿ ಅಥವಾ ಗಾಜಿನ ಪಟ್ಟಿ ಇದ್ದರೆ ಮಾತ್ರ ಎರಡೂ ಕಡೆ ಕೀ ಇರುವುದನ್ನು ಆರಿಸಿ. ಆಗ ಒಂದು ಕೀಯನ್ನು ಕಿಟಕಿಗೆ ಎಟುಕದಂತೆ ಒಳಗೋಡೆಯ ಮೊಳೆಯಲ್ಲಿ, ಎಲ್ಲರಿಗೂ ಗೊತ್ತಿರುವಂತೆ, ಸದಾ ತೂಗುಹಾಕಿ. ಕೀಯನ್ನು ಒಳಗಿನ ರಂಧ್ರದಲ್ಲೇ ಬಿಟ್ಟರೆ ಸಾಮಾನ್ಯ ಸಿಲಿಂಡರ್ ಹೊರಗಿನ ಕೀಗೆ ತೆರೆಯುವುದಿಲ್ಲ.

ಬದಲಿಸುವ ಕ್ರಮ

1. ಬಾಗಿಲು ಪೂರ್ತಿ ತೆರೆದು ಕೆಳಗೆ ಮರದ ಬಿಲ್ಲೆ ಸಿಕ್ಕಿಸಿ. ಕೊನೆಯ ಪರೀಕ್ಷೆಯವರೆಗೆ ಬಾಗಿಲು ಮುಚ್ಚಕೂಡದು. ಗಾಳಿಗೆ ತಾನೇ ಮುಚ್ಚಿ ಹೊರಗುಳಿಯುವುದು ಈ ಕೆಲಸದಲ್ಲಿ ತೀರ ಸಾಮಾನ್ಯ.

2. ಬೋಲ್ಟು ಒಳಗಿರುವಂತೆ ಕೀ ತಿರುಗಿಸಿ. ಅಂಚಿನ ಪಟ್ಟಿಯಲ್ಲಿ ಸಿಲಿಂಡರ್‌ಗೆ ನೇರವಾಗಿರುವ ಉದ್ದ ಸ್ಕ್ರೂ ಒಂದನ್ನೇ ಬಿಚ್ಚಿ. ಸಾಮಾನ್ಯವಾಗಿ ಅದು ಎಂ5 (5 ಮಿ.ಮೀ. ದಪ್ಪದ) ಗಾತ್ರದ್ದು. ಪಟ್ಟಿಯ ಮೇಲೆ ಕೆಳಗೆ ಇರುವ ಎರಡು ಸ್ಕ್ರೂ ಮುಟ್ಟಬೇಡಿ, ಹಿಡಿಕೆಯನ್ನೂ ಬಿಚ್ಚಬೇಕಾಗಿಲ್ಲ.

3. ಕೀ ಹಾಕಿ ಗಡಿಯಾರದ 11 ಅಥವಾ 1 ಗಂಟೆಯ ದಿಕ್ಕಿಗೆ ಸ್ವಲ್ಪ ತಿರುಗಿಸಿ. ಸಿಲಿಂಡರ್‌ನ ನಡುವೆ ಸಣ್ಣ ನಾಲಿಗೆಯಿದೆ. ಕೀ ನೆಟ್ಟಗಿದ್ದಾಗ ಅದು ಪಕ್ಕಕ್ಕೆ ಚಾಚಿಕೊಂಡು ಸಿಲಿಂಡರನ್ನು ಹಿಡಿದಿಟ್ಟಿರುತ್ತದೆ. ಸರಿಯಾದ ಕೋನಕ್ಕೆ ಬಂದಾಗ ಮೈಯೊಳಗೆ ಮರೆಯಾಗಿ ಸಿಲಿಂಡರ್ ಹೊರಜಾರುತ್ತದೆ. ಕೀ ಹಿಡಿದು ಎಳೆಯುತ್ತ ಎರಡೂ ಕಡೆ ನಿಧಾನಕ್ಕೆ ಪ್ರಯತ್ನಿಸಿ. ಸುತ್ತಿಗೆ ಬೇಡ. ಕೀಯೂ ಒಳಗಿನ ಗುಬ್ಬಿಯೂ ಇಲ್ಲದಿದ್ದರೆ ಇದು ಸುಲಭಕ್ಕೆ ಹೊರಬರುವುದಿಲ್ಲ, ಬೀಗ ರಿಪೇರಿಯವರನ್ನೇ ಕರೆಸಬೇಕು.

4. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ನಿಲ್ಲಿಸಿ. ಉದ್ದ, ಸ್ಕ್ರೂ ರಂಧ್ರ, ನಾಲಿಗೆ ಮೂರೂ ಒಂದೇ ಸಾಲಿಗೆ ಬರಬೇಕು.

5. ಹೊಸದರ ನಾಲಿಗೆಯನ್ನು ಹಾಗೆಯೇ ಮೈಯೊಳಗೆ ತಂದು ತೂರಿಸಿ. ಗುಬ್ಬಿ ಒಳಗಡೆಗೆ ಬರುತ್ತಿದೆಯೇ ನೋಡಿಕೊಳ್ಳಿ. ಸ್ಕ್ರೂ ಮೊದಲು ಕೈಬೆರಳಲ್ಲಿ ಹಿಡಿಯಬೇಕು. ಹಿಡಿಯದಿದ್ದರೆ ಸಿಲಿಂಡರನ್ನು ಒಂದೆರಡು ಮಿ.ಮೀ. ಆಚೀಚೆ ಸರಿಸಿ. ಬಲವಂತ ಮಾಡಿದರೆ ಹಿತ್ತಾಳೆಯ ರಂಧ್ರದೊಳಗಿನ ಸುರುಳಿ ಎಳೆ (ಥ್ರೆಡ್) ಸವೆದುಹೋಗುತ್ತದೆ.

6. ಸ್ಕ್ರೂ ಬಿಗಿ ಮಾಡಿ, ಆದರೆ ಅತಿಯಾಗಿ ಅಲ್ಲ. ಬಿಗಿ ಮಾಡಿದ ಮೇಲೆ ಕೀ ಗಡುಸಾದರೆ ಸಿಲಿಂಡರ್ ವಾಲಿ ಸಿಕ್ಕಿಕೊಂಡಿದೆ ಎಂದರ್ಥ. ಕಾಲು ಸುತ್ತು ಸಡಿಲಿಸಿ.

7. ಬಾಗಿಲು ತೆರೆದಿರುವಾಗಲೇ ಎಲ್ಲ ಕೀಗಳನ್ನೂ, ಒಂದನ್ನೂ ಬಿಡದೆ, ಹಾಕಿ ಬೋಲ್ಟು ಪೂರ್ತಿ ಹೊರಗೆ, ಪೂರ್ತಿ ಒಳಗೆ ಮಾಡಿ ನೋಡಿ. ಆಮೇಲೆ ಒಬ್ಬರು ಒಳಗೆ, ಒಬ್ಬರು ಹೊರಗೆ ನಿಂತು ಮುಚ್ಚಿ ಪರೀಕ್ಷಿಸಿ.

ತೆರೆದಾಗ ಸಲೀಸು, ಮುಚ್ಚಿದಾಗ ಗಡುಸು ಎಂದಾದರೆ ಸಿಲಿಂಡರ್‌ನಲ್ಲಿ ತಪ್ಪಿಲ್ಲ. ಬೋಲ್ಟು ದಾರಂದದ ತೂತಿಗೆ ಸರಿಯಾಗಿ ಬೀಳುತ್ತಿಲ್ಲ. ಬೋಲ್ಟಿನ ತುದಿಗೆ ಸೀಮೆಸುಣ್ಣ ಬಳಿದು ಬಾಗಿಲು ಮುಚ್ಚಿ ತಿರುಗಿಸಿದರೆ ಎಲ್ಲಿ ತಾಗುತ್ತದೆ ಎಂದು ದಾರಂದದ ತಟ್ಟೆಯ ಮೇಲೆ ಗುರುತು ಬೀಳುತ್ತದೆ. ಮೊದಲು ಕೀಲುಗಳ ಸ್ಕ್ರೂ ಬಿಗಿ ಮಾಡಿ, ಎಷ್ಟೋ ಸಲ ಜೋತುಬಿದ್ದ ಕದವೇ ಕಾರಣ. ಆಮೇಲೂ ತಾಗಿದರೆ ತಟ್ಟೆಯ ತೂತನ್ನು ಅರದಿಂದ ಒಂದೆರಡು ಮಿ.ಮೀ. ಉಜ್ಜಿ. ಮಲೆನಾಡು, ಕರಾವಳಿಗಳಲ್ಲಿ ಮಳೆಗಾಲಕ್ಕೆ ಮರ ಉಬ್ಬುತ್ತದೆ. ಬೇಸಿಗೆಯಲ್ಲಿ ಕೂದಲೆಳೆಯ ಲೆಕ್ಕದಲ್ಲಿ ಹೊಂದಿಸಿದ ಬೀಗ ಜುಲೈನಲ್ಲಿ ಬೀಳುವುದೇ ಇಲ್ಲ. ಅಲ್ಲಿ ತೂತಿಗೆ ಸ್ವಲ್ಪ ಆಸ್ಪದ ಬಿಟ್ಟೇ ಕೂರಿಸಬೇಕು.

ಒಳಗಿನ ಪಿನ್ನುಗಳನ್ನೇ ಬದಲಿಸಬಹುದಲ್ಲ?

ಬದಲಿಸಬಹುದು. ಸಿಲಿಂಡರ್‌ನೊಳಗೆ ಪ್ರತಿ ಪಿನ್ನೂ ಎರಡು ತುಂಡು. ಸರಿಯಾದ ಕೀ ಹಾಕಿದಾಗ ತುಂಡುಗಳ ನಡುವಿನ ಸಂದುಗಳೆಲ್ಲ ಒಂದೇ ಗೆರೆಗೆ ಬಂದು ಒಳಗಿನ ಉರುಳೆ ತಿರುಗುತ್ತದೆ. ಕೀ ಬದಿಯ ಪಿನ್ನುಗಳನ್ನು ಬೇರೆ ಉದ್ದದವಕ್ಕೆ ಬದಲಿಸಿದರೆ ಅದೇ ಬೀಗಕ್ಕೆ ಹೊಸ ಕೀ. ಅಮೆರಿಕದಲ್ಲಿ ಮನೆ ಕೊಳ್ಳುವ ಕನ್ನಡಿಗರಿಗೆ ಇದೇ ಸುಲಭದ ದಾರಿ. ಅಲ್ಲಿ ಕ್ವಿಕ್‌ಸೆಟ್, ಶ್ಲೇಗ್ ಬೀಗಗಳಿಗೆ ಪಿನ್ ಕಿಟ್‌ಗಳು ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತವೆ. ಕ್ವಿಕ್‌ಸೆಟ್‌ನ ಸ್ಮಾರ್ಟ್‌ಕೀ ಮಾದರಿಗೆ ಬಿಚ್ಚುವ ಕೆಲಸವೂ ಇಲ್ಲ: ಹಳೆಯ ಕೀಯನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಿ, ಜೊತೆಗೆ ಬಂದ ಸಣ್ಣ ಸಾಧನವನ್ನು ಪಕ್ಕದ ಸೀಳಿಗೆ ಒತ್ತಿ ತೆಗೆದು, ಹಳೆಯ ಕೀ ಎಳೆದು ಹೊಸದನ್ನು ಹಾಕಿ ಎಡಕ್ಕೆ ಅರ್ಧ ಸುತ್ತು. ಹಳೆಯ ಕೀ ಕೈಯಲ್ಲಿ ಇರಲೇಬೇಕು, ನೆನಪಿರಲಿ. ಬ್ರಿಟನ್ನಿನಲ್ಲಿ ನಮ್ಮಂತೆ ಯೂರೋ ಸಿಲಿಂಡರ್ ಬದಲಿಸುವುದೇ ರೂಢಿ. ಅಲ್ಲಿ ಸಿಲಿಂಡರ್‌ಗಳ ಭದ್ರತಾ ಮಾನದಂಡವಾದ ಟಿಎಸ್ 007ರ ಮೂರು ನಕ್ಷತ್ರದ ಗುರುತಿರುವುದನ್ನು ಕೊಳ್ಳಿ.

ನಮ್ಮಲ್ಲಿ ಅಳತೆಗೆ ತಕ್ಕ ಪಿನ್ನು, ಸ್ಪ್ರಿಂಗುಗಳು ಬಿಡಿಯಾಗಿ ಸಿಗುವುದು ಅಪರೂಪ. ಹೊಸ ಸಿಲಿಂಡರ್‌ಗಿಂತ ಮಜೂರಿಯೇ ಹೆಚ್ಚಾಗಬಹುದು. ಕೆಲವು ರಿಪೇರಿಯವರು ಒಂದೆರಡು ಪಿನ್ ತೆಗೆದುಹಾಕಿ ಹೊಸ ಕೀ ಹೊಂದಿಸಿಕೊಡುತ್ತಾರೆ. ಆರು ಪಿನ್ನಿನ ಬೀಗ ನಾಲ್ಕಕ್ಕೆ ಇಳಿದದ್ದು ಮನೆಯವರಿಗೆ ತಿಳಿಯುವುದೇ ಇಲ್ಲ.

ಉಳಿದ ಬೀಗಗಳು

ಟ್ರೈಬೋಲ್ಟ್‌ನಲ್ಲಿ ಅದೇ ಕಂಪನಿಯ ಅದೇ ಮಾದರಿ ಸಿಕ್ಕರೆ ಹೊಸ ತೂತು ಕೊರೆಯಬೇಕಾಗಿಲ್ಲ. ಒಳಗಿನ ಡಬ್ಬಿಯ ಸ್ಕ್ರೂ ತೆಗೆದರೆ ಹಿಂದಿನ ತಟ್ಟೆಯಿಂದ ಎರಡು ಉದ್ದ ಸ್ಕ್ರೂ ಹೊರಗಿನ ಸಿಲಿಂಡರನ್ನು ಹಿಡಿದಿರುವುದು ಕಾಣುತ್ತದೆ. ಸಿಲಿಂಡರ್‌ನ ಹಿಂದಿನ ಚಪ್ಪಟೆ ಕಡ್ಡಿಯನ್ನು ಬಾಗಿಲಿನ ದಪ್ಪಕ್ಕೆ ತಕ್ಕಂತೆ ಅದರಲ್ಲಿರುವ ಕಚ್ಚಿನಲ್ಲಿ ಮುರಿಯಬೇಕು. ಗಿಡ್ಡ ಮಾಡಿದರೆ ಮತ್ತೆ ಉದ್ದವಾಗದು, ಆದ್ದರಿಂದ ಒಂದು ಕಚ್ಚು ಹೆಚ್ಚಿಟ್ಟೇ ಹೊಂದಿಸಿ ನೋಡಿ. ಬೇರೆ ಕಂಪನಿಯದು ಹಾಕಿದರೆ ಹಳೆಯ ಸ್ಕ್ರೂ ತೂತುಗಳಿಗೆ ಮರದ ಕಡ್ಡಿಯನ್ನು ಫೆವಿಕಾಲ್ ಜೊತೆ ಬಡಿದು, ಒಂದು ದಿನ ಒಣಗಿಸಿ, ಆಮೇಲೆ ಕೊರೆಯಿರಿ. ಮುಚ್ಚದ ಹಳೆಯ ತೂತಿನ ಪಕ್ಕದಲ್ಲೇ ಹಾಕಿದ ಸ್ಕ್ರೂ ಬೇಗ ಸಡಿಲ.

ಲಿವರ್ ಬೀಗಕ್ಕೆ ಬದಲಿಸಬಲ್ಲ ಸಿಲಿಂಡರ್ ಇಲ್ಲ, ಇಡೀ ಡಬ್ಬಿಯನ್ನೇ ಬದಲಿಸಬೇಕು. ಡಬ್ಬಿಯ ಎತ್ತರ, ಆಳ, ಅಂಚಿನ ಪಟ್ಟಿಯ ಉದ್ದ, ಬಾಗಿಲಂಚಿನಿಂದ ಕೀ ರಂಧ್ರದ ದೂರ, ಹಿಡಿಕೆಯ ಚೌಕ ರಂಧ್ರದಿಂದ ಕೀ ರಂಧ್ರದ ದೂರ, ಈ ಐದನ್ನೂ ಅಳೆದು ಬರೆದುಕೊಳ್ಳಿ. ಈಗಿನ ಯೂರೋ ಡಬ್ಬಿಗಳಲ್ಲಿ ಕೊನೆಯ ಅಳತೆ ಸಾಮಾನ್ಯವಾಗಿ 85 ಮಿ.ಮೀ. ಹಳೆಯದು ಅದಕ್ಕೆ ಹೊಂದದಿದ್ದರೆ ಹಿಡಿಕೆಯೂ ಬದಲಾಗಬೇಕು. ಉಳಿಯಲ್ಲಿ ಗೂಡು ದೊಡ್ಡದು ಮಾಡುವಾಗ ಎಚ್ಚರ: 30 ಮಿ.ಮೀ. ಫ್ಲಶ್ ಬಾಗಿಲಿನಲ್ಲಿ 16 ಮಿ.ಮೀ. ಗೂಡು ತೋಡಿದರೆ ಎರಡೂ ಬದಿಗೆ ಉಳಿಯುವ ಮರ ಏಳೇಳು ಮಿ.ಮೀ. ಮಾತ್ರ. ಇದನ್ನು ಬಡಗಿಗೇ ಬಿಡಿ.

ದುಂಡು ಹಿಡಿಕೆಯ ಬೀಗ ಒಳಕೋಣೆಗಷ್ಟೇ ಸರಿ. ಹಿಂಬಾಗಿಲಿಗೆ ಅದೊಂದೇ ಇದ್ದರೆ ಮೇಲೊಂದು ಒಳಚಿಲಕ ಸೇರಿಸಿ.

ಅಲ್ಡ್ರಾಪ್, ತಟ್ಟೆ ಮತ್ತು ಸ್ಕ್ರೂಗಳು

ಎಷ್ಟೇ ಒಳ್ಳೆಯ ಸಿಲಿಂಡರ್ ಹಾಕಿದರೂ ಅದರ ಬೋಲ್ಟು ನೆಟ್ಟಿರುವುದು ದಾರಂದಕ್ಕೆ ಎರಡು ಗಿಡ್ಡ ಸ್ಕ್ರೂಗಳಲ್ಲಿ ಕೂತ ತಟ್ಟೆಗೆ. ಹೆಚ್ಚಿನ ಬೀಗಗಳ ಪೊಟ್ಟಣದಲ್ಲಿ ಬರುವ ಸ್ಕ್ರೂಗಳು ಒಂದು ಇಂಚೂ ಇರುವುದಿಲ್ಲ. ಒಂದು ಬಲವಾದ ಒದೆತಕ್ಕೆ ತಟ್ಟೆಯೇ ಕಿತ್ತುಬರುತ್ತದೆ. ಅವನ್ನು ತೆಗೆದು 8ನೇ ನಂಬರಿನ 50 ಮಿ.ಮೀ. ಸ್ಕ್ರೂ ಹಾಕಿ. ಸಾಲ್, ಮತ್ತಿ, ಹೊನ್ನೆಯಂಥ ಗಟ್ಟಿ ಮರದ ದಾರಂದಕ್ಕೆ ಮೊದಲು 3 ಮಿ.ಮೀ. ತೂತು ಕೊರೆದು, ಸ್ಕ್ರೂವಿಗೆ ಸೋಪು ಸವರಿ ತಿರುಗಿಸಿ. ಇಲ್ಲದಿದ್ದರೆ ತಲೆ ಮುರಿದು ಒಳಗೇ ಉಳಿಯುತ್ತದೆ. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿಗೆ ಅತಿ ಹೆಚ್ಚು ಬಲ ಸಿಗುವುದು ಇಲ್ಲೇ.

ಅಲ್ಡ್ರಾಪ್‌ನ ದೌರ್ಬಲ್ಯವೂ ಬೀಗದಲ್ಲಿಲ್ಲ, ಅದನ್ನು ಹಿಡಿದ ಸ್ಕ್ರೂಗಳಲ್ಲಿದೆ. ಅವುಗಳ ತಲೆ ಹೊರಗಡೆಗೇ ಕಾಣುತ್ತಿದ್ದರೆ ನೇತುಬೀಗ ಮುಟ್ಟದೆಯೇ ಸ್ಕ್ರೂ ಬಿಚ್ಚಿ ಅಲ್ಡ್ರಾಪನ್ನು ಕಳಚಬಹುದು. ಹೊರಗೆ ದುಂಡು ತಲೆ, ಒಳಗೆ ವಾಷರ್ ಮತ್ತು ನಟ್ ಬರುವ ಬೋಲ್ಟುಗಳನ್ನು ಕದದ ಆರ್‌ಪಾರ್ ಹಾಕಿಸಿ. ಬೀಗ ಹಾಕಿದಾಗ ಕೊಂಡಿಗೂ ಬೀಗದ ಬಳೆಗೂ ನಡುವೆ ಹೆಚ್ಚು ಜಾಗ ಉಳಿದರೆ ಅಲ್ಲಿಗೆ ಸರಳು ತೂರಿಸಿ ಮೀಟುತ್ತಾರೆ. ಕೊಂಡಿ ತುಂಬುವಷ್ಟು ದಪ್ಪ ಬಳೆಯ, ಗಿಡ್ಡ ಕತ್ತಿನ ಬೀಗ ಆರಿಸಿ. ನೇತುಬೀಗದ ಇನ್ನೊಂದು ತೊಂದರೆಯೆಂದರೆ, ಮನೆಯಲ್ಲಿ ಯಾರೂ ಇಲ್ಲವೆಂದು ಬೀದಿಗೇ ಸಾರುತ್ತದೆ. ಬಾಗಿಲೊಳಗಿನ ಬೀಗ ಇದ್ದರೆ ಅದನ್ನೇ ಮುಖ್ಯವಾಗಿ ಬಳಸಿ.

ಒಳಗಿನ ಟವರ್ ಬೋಲ್ಟಿಗಾಗಿ ಹೊಸ್ತಿಲನ್ನು ಕೊರೆಯಲು ಮನೆಯ ಹಿರಿಯರು ಒಪ್ಪದಿರಬಹುದು. ಒತ್ತಾಯ ಬೇಡ. ದಾರಂದದ ಮೇಲ್ಪಟ್ಟಿಗೆ ಹಾಕಿದ ಬೋಲ್ಟೂ ಅಷ್ಟೇ ಕೆಲಸ ಮಾಡುತ್ತದೆ, ಹೊಸ್ತಿಲ ತೂತಿನಂತೆ ಕಸವೂ ತುಂಬುವುದಿಲ್ಲ.

ಡಿಜಿಟಲ್ ಬೀಗವಿದ್ದರೆ

ಪಾಸ್‌ವರ್ಡ್ ಬದಲಿಸಿದರೆ ಆಯಿತೆಂದು ಬಿಡಬೇಡಿ. ಹಿಂದಿನವರ ಬೆರಳಚ್ಚು, ಕಾರ್ಡು, ಆ್ಯಪ್ ಮೂರೂ ಅದರಲ್ಲಿ ಉಳಿದಿರುತ್ತವೆ. ಮೊದಲು ಮಾರಿದವರೇ ತಮ್ಮ ಫೋನಿನ ಆ್ಯಪ್‌ನಿಂದ ಬೀಗವನ್ನು ತೆಗೆಯಬೇಕು. ಎಷ್ಟೋ ಮಾದರಿಗಳಲ್ಲಿ ಅವರು ಬಿಡದೆ ನಿಮ್ಮ ಖಾತೆಗೆ ಸೇರಿಸಲಾಗದು, ಹಾಗಾಗಿ ಕೀ ಹಸ್ತಾಂತರದ ಹೊತ್ತಿಗೇ ಎದುರು ಕೂತು ಮಾಡಿಸಿ. ನಂತರ ಬ್ಯಾಟರಿ ಗೂಡಿನ ಬಳಿ ಇರುವ ರೀಸೆಟ್ ಗುಂಡಿಯನ್ನು ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಒತ್ತಿ. ರೀಸೆಟ್ ಆದ ಮೇಲೆ ಹಲವು ಬೀಗಗಳು 123456ರಂಥ ಸಂಖ್ಯೆಗೆ ತೆರೆದುಕೊಳ್ಳುತ್ತವೆ. ತಕ್ಷಣ ಹೊಸ ಮಾಸ್ಟರ್ ಸಂಖ್ಯೆ ಕೊಡಿ.

ಇಷ್ಟಾದರೂ ಒಂದು ದಾರಿ ತೆರೆದೇ ಇರುತ್ತದೆ. ಇಂಥ ಬಹುತೇಕ ಬೀಗಗಳ ಮುಚ್ಚಳದಡಿ ತುರ್ತು ಬಳಕೆಗೆಂದು ಮಾಮೂಲಿ ಕೀ ರಂಧ್ರವಿದೆ. ಹಳೆಯ ಕೀ ಅದನ್ನು ಎಂದಿನಂತೆ ತೆರೆಯುತ್ತದೆ. ಆ ಸಿಲಿಂಡರನ್ನೂ ಬದಲಿಸಬೇಕು. ಹಲವು ಮಾದರಿಗಳಲ್ಲಿ ಅದು ಆ ಬೀಗಕ್ಕೆಂದೇ ಮಾಡಿದ್ದು, ಕಂಪನಿಯ ಸರ್ವಿಸ್‌ನವರನ್ನೇ ಕರೆಸಿ. ಹೊಸ ತುರ್ತು ಕೀಯನ್ನು ಮನೆಯೊಳಗಿನ ಡ್ರಾಯರಿನಲ್ಲಿಟ್ಟರೆ ಬ್ಯಾಟರಿ ಸತ್ತ ದಿನ ಅದು ಸಿಗದು. ಒಂದನ್ನು ನಂಬಿಕೆಯ ಬಂಧುಗಳ ಮನೆಯಲ್ಲಿಡಿ.

ಮರೆತುಹೋಗುವ ಬಾಗಿಲುಗಳು

ಟೆರೇಸ್, ಯುಟಿಲಿಟಿ, ಬಾಲ್ಕನಿಯ ಯುಪಿವಿಸಿ ಬಾಗಿಲು, ಸಂಪ್ ಮುಚ್ಚಳ, ಮೋಟಾರ್ ಕೋಣೆ, ಮೀಟರ್ ಬೋರ್ಡ್, ಅಂಚೆಪೆಟ್ಟಿಗೆ, ಹೊರಗಿನ ಗ್ಯಾಸ್ ಗೂಡು. ಸ್ವಂತ ಮನೆಗಳಲ್ಲಿ ಟೆರೇಸ್ ಬಾಗಿಲೇ ಅತಿ ದುರ್ಬಲ. ಮಳೆ ಬಿಸಿಲಿಗೆ ತುಕ್ಕು ಹಿಡಿದ ತೆಳು ತಗಡಿಗೆ ಒಂದು ಚಿಲಕ, ಪಕ್ಕದ ಮನೆಯ ಮೇಲಿನಿಂದ ದಾಟಿ ಬರುವಷ್ಟು ಹತ್ತಿರ. ಗೇಟು, ಟೆರೇಸ್‌ಗಳ ಬೀಗ ಮಳೆಗೆ ನೆನೆಯುವುದರಿಂದ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಉಕ್ಕಿನದಿರಲಿ. ಉಪ್ಪುಗಾಳಿಯ ಊರುಗಳಲ್ಲಿ ಬೇರೆಯದು ಬಾಳುವುದಿಲ್ಲ. ಒಂದೇ ಕೀಗೆ ತೆರೆಯುವ ನೇತುಬೀಗಗಳ ಸೆಟ್ ಕೊಂಡರೆ ಹೊರಗಿನ ಎಲ್ಲದಕ್ಕೂ ಒಂದು ಕೀ ಸಾಕು. ಮುಂಬಾಗಿಲನ್ನು ಮಾತ್ರ ಆ ಸೆಟ್ಟಿಗೆ ಸೇರಿಸಬೇಡಿ.

ಅಪಾರ್ಟ್‌ಮೆಂಟ್ ಆದರೆ ಸಂಘದ ಕಚೇರಿಗೆ ಹೋಗಿ ಹಿಂದಿನವರ ಗೇಟ್ ಕಾರ್ಡು, ಪಾರ್ಕಿಂಗ್ ಸ್ಟಿಕರ್, ಗೇಟ್ ಆ್ಯಪ್‌ನಲ್ಲಿರುವ ಅವರ ಹೆಸರು, ಅವರ ಮನೆಗೆಲಸದವರ ಮತ್ತು ಚಾಲಕರ ಸಂಖ್ಯೆ ಎಲ್ಲ ರದ್ದು ಮಾಡಿಸಿ. ನಿಮ್ಮ ಫ್ಲಾಟಿನ ಹೆಸರಲ್ಲಿ ಬಂದವರನ್ನು ಕಾವಲುಗಾರರು ತಡೆಯುವುದಿಲ್ಲ.

ಎಣ್ಣೆ ಬೇಡ, ಫೋಟೊ ಬೇಡ

ಕೀ ಗಡುಸಾದೊಡನೆ ಕೊಬ್ಬರಿ ಎಣ್ಣೆ ಬಿಡುವುದು ನಮ್ಮ ಮನೆಗಳ ಹಳೆಯ ಅಭ್ಯಾಸ. ಒಂದು ವಾರ ನಯವಾಗುತ್ತದೆ, ಆಮೇಲೆ ಎಣ್ಣೆಗೆ ಧೂಳಂಟಿ ಪಿನ್ನುಗಳು ಮೇಲೇಳುವುದೇ ಇಲ್ಲ. ಗ್ರಾಫೈಟ್ ಪುಡಿ ಊದಿ. ಅದು ಸಿಗದಿದ್ದರೆ ಪೆನ್ಸಿಲ್ ಸೀಸವನ್ನು ಕೀಯ ಹಲ್ಲುಗಳ ಮೇಲೆ ಚೆನ್ನಾಗಿ ತಿಕ್ಕಿ, ಹಾಕಿ ತೆಗೆದು ಮಾಡಿ. ಈಗಾಗಲೇ ಎಣ್ಣೆ ಬಿಟ್ಟ ಬೀಗಕ್ಕೆ ಗ್ರಾಫೈಟ್ ಹಾಕಿದರೆ ಎರಡೂ ಸೇರಿ ಕೆಸರಾಗುತ್ತದೆ.

ಗೃಹಪ್ರವೇಶದ ದಿನ ಕೀ ಎತ್ತಿ ಹಿಡಿದು ತೆಗೆದ ಫೋಟೊವನ್ನು ಎಲ್ಲೂ ಹಾಕಬೇಡಿ. ಹಲ್ಲುಗಳು ಸ್ಪಷ್ಟವಾಗಿ ಕಂಡರೆ ಬಲ್ಲವರು ಅದನ್ನು ನೋಡಿಯೇ ಕೀ ಕತ್ತರಿಸಬಹುದು. ಪೊಟ್ಟಣದಲ್ಲಿ ಬರುವ ಕೋಡ್ ಸಂಖ್ಯೆಯ ಚೀಟಿಯೂ ಕೀಗೆ ಸಮಾನ, ಮನೆಪತ್ರಗಳ ಜೊತೆಯಿಡಿ. ಕೀಗಳಿಗೆ ಮನೆ ನಂಬರಿನ ಬದಲು ಬಣ್ಣದ ಟ್ಯಾಗ್ ಕಟ್ಟಿ. ಯಾವ ಕೀ ಯಾರಿಗೆ, ಯಾವ ದಿನ ಕೊಟ್ಟಿರಿ ಎಂದು ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಡಿ.

ಕೆಲಸ ನಡೆಯುವಾಗ ಹಾಕಿದ್ದ ಅಗ್ಗದ ಸಿಲಿಂಡರನ್ನು ಎಸೆಯಬೇಡಿ. ಅದರ ಕೀಗಳನ್ನು ಜೊತೆಗೇ ಕಟ್ಟಿ, ‘ಮುಂಬಾಗಿಲು 60’ ಎಂದು ಬರೆದ ಚೀಟಿ ಅಂಟಿಸಿ, ಉದ್ದ ಸ್ಕ್ರೂ ಒಂದನ್ನು ಸೇರಿಸಿ ಪೆಟ್ಟಿಗೆಯಲ್ಲಿಡಿ. ಮುಂದೆ ಮನೆಗೆ ಬಣ್ಣ ಹೊಡೆಸುವ ವಾರ ಅದನ್ನೇ ಮತ್ತೆ ಹಾಕಿ, ಪೇಂಟರ್ ಹೋದ ಸಂಜೆ ಒಳ್ಳೆಯದನ್ನು ಕೂರಿಸಿದರಾಯಿತು.